ನರ ಹುಡುಕುವ ಬೆರಳು

ಕೆಲಸಕ್ಕೆ ವಾಪಸು ಹೋಗಲು ನನಗೆ ಎಷ್ಟು ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಡ ಮೊಲೆ ಹೋಯಿತು. ಅದರ ಜೊತೆಗೆ ಕಂಕುಳಿನ ಗಂಟುಗಳೂ ಹೋದವು. ಕೂದಲು ಹೋಗಿ ಬಂತು, ಹುಬ್ಬು ಹೋಗಿ ಅರ್ಧ ಬಂತು. ಕೈಯಲ್ಲಿದ್ದ ಚಿನ್ನದ ಬಳೆ ಖರ್ಚಿಗೆ ಹೋದವು, ಅವುಗಳ ಮಾತು ಇಲ್ಲಿ ಬೇಡ. ಇದಿಷ್ಟು ಕ್ಯಾನ್ಸರು ವಸೂಲಿ ಮಾಡಿದ್ದು. ಕೆಲಸ ಕೇಳಿದ ಬೆಲೆ ಬೇರೆ. ಅದಕ್ಕಾಗಿ ನಾನು ಒಂದು ಸುಳ್ಳು ಹೇಳಿದೆ. ಆ ಸುಳ್ಳಿನ ನೋವನ್ನು ಉಂಡದ್ದು ಎಂಟು ತಿಂಗಳ ಒಂದು ಕೂಸು.

ಯಾಕೆ ಅಷ್ಟು ಕೊಟ್ಟೆ ಅಂದರೆ, ನನಗೆ ಮಕ್ಕಳ ವಾರ್ಡು ಬೇಕಿತ್ತು. ಬರೀ ಕೆಲಸ ಬೇಕಿದ್ದರೆ ಸುಳ್ಳು ಬೇಕಿರಲಿಲ್ಲ. ಸಂಬಳ ಎಲ್ಲಿ ಕುಳಿತರೂ ಬರುತ್ತದೆ.

ಹೊಸಪೇಟೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ಹದಿನೆಂಟು ವರ್ಷ ನರ್ಸಾಗಿದ್ದೆ. ಹುಟ್ಟಿದ್ದು ಯಶವಂತನಗರದಲ್ಲಿ. ಅವ್ವ ಗಣಿಯಲ್ಲಿ ಅದಿರು ಒಡೆಯುತ್ತಿದ್ದಳು. ಅವಳ ಸೀರೆಯ ಅಂಚಿನ ಬಣ್ಣ ಯಾವುದೆಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ, ಎಲ್ಲ ಕೆಂಪೇ. ಶಾಲೆ ಬಿಟ್ಟ ಮೇಲೆ ಲಾರಿಗಳು ಸಾಲುಗಟ್ಟುವ ಕಡೆ ಹುರಿದ ಶೇಂಗಾ ಮಾರುತ್ತಿದ್ದೆ. ಆಂಧ್ರದ ಡ್ರೈವರುಗಳ ಹತ್ತಿರ ತೆಲುಗು ಕಲಿತೆ, ಚೌಕಾಸಿಯನ್ನೂ ಕಲಿತೆ. ನರ್ಸಿಂಗ್ ಶಾಲೆಯ ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ ಎಂದಾಗ, ಅಡುಗೆಮನೆ ಪಕ್ಕದ ಸಾಮಾನಿನ ಕೋಣೆ ಕೊಡಿ, ಬೆಳಿಗ್ಗೆ ಐವತ್ತು ಜನರ ತರಕಾರಿ ಹೆಚ್ಚಿಕೊಡುತ್ತೇನೆ ಎಂದೆ. ಮೂರು ವರ್ಷ ಈರುಳ್ಳಿ ಚೀಲಗಳ ಜೊತೆ ಮಲಗಿ ನರ್ಸಾದೆ. ಯಾರ ಹತ್ತಿರ ಏನಾದರೂ ಕೇಳುವ ಮೊದಲು ಅವರಿಗೆ ಏನು ಕೊರತೆಯಿದೆ ಎಂದು ನೋಡಿಕೊಳ್ಳಿ. ಹಾಗೆ ನೋಡಿಕೊಂಡೇ ನಾನು ಇಲ್ಲಿಯವರೆಗೆ ಬಂದವಳು.

ಮಕ್ಕಳ ವಾರ್ಡಿನಲ್ಲಿ ಎಲ್ಲರಿಗೂ ಇರುವ ಕೊರತೆ ಒಂದೇ: ನರ ಸಿಗುವುದಿಲ್ಲ. ವಾಂತಿಭೇದಿಯಾಗಿ ಬಂದ ಕೂಸಿನ ಕೈಯಲ್ಲಿ ರಕ್ತನಾಳ ಒಣಗಿದ ಕಾಲುವೆಯಂತೆ ಒಳಗೆ ಕುಸಿದುಬಿಟ್ಟಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅಲ್ಲಿ ತೀರಾ ಸಣ್ಣದಾದ ಹಳದಿ ಕ್ಯಾನುಲಾ ಸೂಜಿಯನ್ನು ಇಳಿಸಬೇಕು, ಅದರೊಳಗಿಂದ ಡ್ರಿಪ್ ಹೋಗಬೇಕು. ನಾನು ಗ್ಲೌಸು ಹಾಕಿಕೊಂಡು ಬಲಗೈ ತೋರುಬೆರಳಿನ ತುದಿಯನ್ನಷ್ಟೇ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದೆ. ಪುಸ್ತಕದ ಪ್ರಕಾರ ತಪ್ಪು. ಆದರೆ ನರ ಹುಡುಕುವ ಹಳೆಯ ನರ್ಸುಗಳಲ್ಲಿ ಎಷ್ಟೋ ಮಂದಿ ಬೆರಳ ತುದಿ ಹರಿದುಕೊಂಡೇ ಹುಡುಕುವವರು. ಆಮೇಲೆ ಕಣ್ಣು ಮುಚ್ಚುತ್ತಿದ್ದೆ. ಕೂಸಿನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟರೆ, ಒದ್ದೆ ಬಟ್ಟೆಯ ಕೆಳಗಿನ ಬೆಂದ ಶಾವಿಗೆಯ ಎಳೆಯಂತೆ ಒಂದು ಮೆತ್ತನೆಯ ಪುಟಿತ ಮೇಲೆ ಬರುತ್ತಿತ್ತು. ಅಷ್ಟೇ ಸಾಕು. ಆ ಪುಟಿತವನ್ನು ಯಾರಿಗೂ ಹೇಳಿಕೊಡಲು ಬರುವುದಿಲ್ಲ. ನನಗೆ ಅದು ಸಿಕ್ಕಿತ್ತು.

ಕಂಪ್ಲಿಯಿಂದ, ದರೋಜಿಯಿಂದ, ಸಂಡೂರಿನ ಗುಡ್ಡದ ಊರುಗಳಿಂದ ಬರುವ ತಾಯಂದಿರು ಬಾಗಿಲಲ್ಲೇ ಕೇಳುತ್ತಿದ್ದರು: "ಆ ಹರಕ್ ಗ್ಲೌಸಿನ ಸಿಸ್ಟರ್ ಅದಾರೇನ್ರಿ?" ನಾನಿಲ್ಲವೆಂದು ಯಾರಾದರೂ ಹೇಳಿದರೆ, ಇರುವವರ ಮುಖ ನೋಡದೆ ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದರು. ಅದರ ಗರ್ವ ನನಗಿತ್ತು, ಇರಲಿಲ್ಲ ಎನ್ನುವುದಿಲ್ಲ. ಗರ್ವಕ್ಕೆ ಒಂದು ಕಟ್ಟುಪಾಡನ್ನೂ ನಾನೇ ಹಾಕಿಕೊಂಡಿದ್ದೆ. ಒಬ್ಬ ನರ್ಸು ಒಂದು ಕೂಸಿಗೆ ಎರಡು ಸಲ ಮಾತ್ರ ಚುಚ್ಚಬೇಕು. ಎರಡೂ ತಪ್ಪಿದರೆ ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಟ್ರಾಲಿಯ ಮೇಲಿನ ಗೋಡೆಗೆ ನೇತುಹಾಕಿದ್ದವಳು ನಾನೇ.

ಮೊಲೆಯ ಗಂಟು ಸಿಕ್ಕಿದ್ದು ಸ್ನಾನ ಮಾಡುವಾಗ, ಅದೇ ಬೆರಳಿಗೆ.

ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದೆ. ಮೊದಲ ಕಿಮೊ ದಿನ, ನನ್ನ ಬಲಗೈಯಲ್ಲಿ ನರ ಹುಡುಕುತ್ತಿದ್ದ ನರ್ಸಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು. ನನಗೆ ಸುಮ್ಮನಿರಲು ಆಗಲಿಲ್ಲ.

"ತಂಗಿ, ಮೊಣಕೈ ಮಡಚೋ ಜಾಗ ಬ್ಯಾಡ. ಒಂದೀಟು ಕೆಳಗ ಬಾ. ಪಟ್ಟಿ ಭಾಳ ಬಿಗಿ ಆಗೇತಿ ನೋಡು."

ಅವಳು ತಲೆ ಎತ್ತಿದಳು. "ಸ್ಟಾಫ್ ಏನ್ರಿ ನೀವು?"

"ಹೂಂನವ್ವ."

"ಅದಕ್ಕ. ಪೇಷಂಟ್ ಇಷ್ಟು ಮಾತಾಡಂಗಿಲ್ಲ." ಎಂದು ನಕ್ಕು, ನಾನು ತೋರಿಸಿದ ಜಾಗ ಬಿಟ್ಟು ತನಗೆ ತೋಚಿದಲ್ಲೇ ಚುಚ್ಚಿದಳು. ಒಂದೇ ಸಲಕ್ಕೆ ಸಿಕ್ಕಿತು. ಮೆಚ್ಚಿಕೊಂಡೆ. ಹೊಟ್ಟೆಕಿಚ್ಚೂ ಆಯಿತು.

ಮೊದಲಿನ ಕೆಲವು ಸಲ ಕೆಂಪು ಔಷಧಿ. ಅದು ಕೂದಲು ಒಯ್ದಿತು. ಆಮೇಲಿನದು ಬಣ್ಣವಿಲ್ಲದ ಔಷಧಿ. ಅದು ಬೆರಳುಗಳಿಗೆ ಬಂತು. ಮೊದಲು ಜೋಮು ಹಿಡಿದಂತೆ ಇತ್ತು. ಆಮೇಲೆ ಜಾಕೀಟಿನ ಗುಂಡಿ ಹಾಕಲು ಬಾರದಾಯಿತು. ಒಂದು ದಿನ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ, ಸುಟ್ಟ ವಾಸನೆ ಬಂದಾಗ ರೊಟ್ಟಿ ಸೀದಿತೇನೋ ಎಂದುಕೊಂಡೆ. ನೋಡಿದರೆ ಬೆರಳ ತುದಿಯ ಚರ್ಮ. ಡಾಕ್ಟರಿಗೆ ಹೇಳಿದೆ. ಕೆಲವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಡವಾಗುತ್ತದೆ, ಕೆಲವರಿಗೆ ಪೂರಾ ವಾಪಸು ಬರುವುದಿಲ್ಲ ಎಂದರು. ಮೂರು ಮಾತಿನಲ್ಲಿ ನಾನು ಮೊದಲನೆಯದನ್ನಷ್ಟೇ ಮನೆಗೆ ತಂದೆ.

ಮನೆಯಲ್ಲಿ ಮಲಗಿದ ತಿಂಗಳುಗಳಲ್ಲಿ ನನಗೆ ಸಾವಿನ ಹೆದರಿಕೆಗಿಂತ ವಾರ್ಡಿನ ಹಂಬಲ ಜಾಸ್ತಿ ಇತ್ತು ಎಂದರೆ ನಂಬುವವರು ಕಡಿಮೆ. ಗೋಡೆ ಗಡಿಯಾರ ನೋಡುತ್ತಿದ್ದೆ. ಈಗ ಒಂಬತ್ತೂವರೆ, ರೌಂಡ್ಸಿಗೆ ಡಾಕ್ಟರು ಬಂದಿರುತ್ತಾರೆ. ಈಗ ಹನ್ನೊಂದು, ಚಹಾ ಬಂದಿರುತ್ತದೆ, ಯಾರೋ ಮಂಡಕ್ಕಿ ಒಗ್ಗರಣೆ ತಂದಿರುತ್ತಾರೆ, ಪೇಪರಿನ ಮೇಲೆ ಹರವಿಕೊಂಡು ನಿಂತೇ ತಿನ್ನುತ್ತಿರುತ್ತಾರೆ. ಈಗ ಕಂಪ್ಲಿ ಬಸ್ಸು ಬರುವ ಹೊತ್ತು, ಅಳುವ ಕೂಸುಗಳು ಒಂದರ ಹಿಂದೆ ಒಂದು ಇಳಿಯುತ್ತಿರುತ್ತವೆ. ಫಿನೈಲಿನ ವಾಸನೆಗೆ ಅಂಟಿಕೊಂಡ ಎದೆಹಾಲಿನ ಹುಳಿ ವಾಸನೆ, ಸ್ಟೀಲ್ ಟ್ರೇ ಕೆಳಗಿಡುವ ಸದ್ದು, ಜ್ವರ ಇಳಿದ ಮಗು ಮೊದಲ ಸಲ ಬಿಸ್ಕತ್ತು ಕೇಳುವ ದನಿ. ನನ್ನ ಗಂಡ ಸಂಡೂರಿನ ಗಣಿ ಕಂಪನಿಯೊಂದರ ಬಸ್ ಡ್ರೈವರ್. ಬೆಳಿಗ್ಗೆ ಹೋಗುವ ಮುಂಚೆ ಹಾಸಿಗೆಯ ಹತ್ತಿರ ನೀರಿಟ್ಟು ಹೇಳುತ್ತಿದ್ದ: "ಸಾಯಂಕಾಲ ಬರ್ತೀನಿ. ಅಷ್ಟರಾಗ ನಿನ್ ವಾರ್ಡ್ ರೌಂಡ್ಸ್ ಮುಗಿಸಿರು."

ನಾದಿನಿಯ ಮಗಳ ಮದುವೆಗೆ ಹಂಪಿಗೆ ಹೋಗಿದ್ದೆವು. ಬೇರೆಯವರಿಗೆ ಅದು ನೋಡುವ ಜಾಗ, ನಮಗೆ ಗುಡಿಯಲ್ಲಿ ತಾಳಿ ಕಟ್ಟಿ ಮರದ ನೆರಳಲ್ಲಿ ಊಟ ಮಾಡುವ ಜಾಗ. ಟೋಪಿ ಹಾಕಿಕೊಂಡು ಒಂದು ಕಂಬಕ್ಕೆ ಒರಗಿ ನಿಂತಿದ್ದೆ. ಹಿಂದೆ ಕೈಯಿಟ್ಟೆ. ಕಲ್ಲು ಬಿಸಿಯಾಗಿದೆ ಎಂದು ಅಂಗೈಗೆ ತಿಳಿಯಿತು. ಬೆರಳ ತುದಿಗೆ ಕೆತ್ತನೆ ಇದೆಯೋ ನುಣ್ಣಗಿದೆಯೋ ತಿಳಿಯಲಿಲ್ಲ. ತಿರುಗಿ ನೋಡಿದೆ. ಒಂದು ಆನೆ, ಅದರ ಮೇಲೆ ಮಾವುತ, ಅವನ ಕೈಯಲ್ಲಿ ಅಂಕುಶ. ಅಷ್ಟೆಲ್ಲ ನನ್ನ ಬೆರಳ ಕೆಳಗೆ ಇದ್ದವು. ಅವತ್ತೇ ನನಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ.

ಡ್ಯೂಟಿಗೆ ಹಾಜರಾಗಬಹುದು ಎಂಬ ಕಾಗದ ಕೈಗೆ ಬಂದ ಮರುದಿನ ಆಸ್ಪತ್ರೆಯ ದೊಡ್ಡ ಡಾಕ್ಟರ ಮುಂದೆ ನಿಂತೆ. ಆಸ್ಪತ್ರೆಯ ಮುಖ್ಯಸ್ಥರು ಅವರೇ. ಒಳ್ಳೆಯವರು. ಒಳ್ಳೆಯವರ ಹತ್ತಿರ ಚೌಕಾಸಿ ಮಾಡುವುದು ಕಷ್ಟ.

"ಕುಂದ್ರಿ ಸಿಸ್ಟರ್. ನಿಮ್ಮನ್ನ ಔಷಧಿ ಸ್ಟೋರಿಗೆ ಹಾಕ್ತೀನಿ. ಫ್ಯಾನ್ ಐತಿ, ಕುರ್ಚಿ ಐತಿ. ಬಾಕ್ಸ್ ಬಂದ್ರ ಬರಕೊಳ್ಳೋದು, ಹೋದ್ರ ಬರಕೊಳ್ಳೋದು."

"ಬಾಕ್ಸ್ ಅಳಂಗಿಲ್ರಿ ಸರ್."

"ಏನಂದ್ರಿ?"

"ಹದಿನೆಂಟು ವರ್ಷ ಅಳೋ ಮಕ್ಕಳ ನಡುವ ಇದ್ದಾಕಿ ನಾನು. ಸುಮ್ನಿರೋ ಬಾಕ್ಸಿನ ಜೋಡಿ ಕುಂದ್ರಿಸಿದ್ರ ಎಂಟು ದಿನದಾಗ ಹುಚ್ಚು ಹಿಡೀತೈತಿ."

ಅವರು ನಕ್ಕರು. "ವಾರ್ಡ್ ಬ್ಯಾಡ್ರಿ. ಎತ್ತೋದು, ಓಡೋದು, ಸೋಂಕು. ನಿಮಗ ಏನಾರ ಆದ್ರ ನಾನು ಹೆಂಗ ಉತ್ತರ ಕೊಡ್ಲಿ?"

"ಬೆಳಗಿನ ಪಾಳಿ ಅಷ್ಟ ಕೊಡ್ರಿ. ಮಾಸ್ಕ್ ತಗಿಯಂಗಿಲ್ಲ. ಎತ್ತೋದು ಆಯಾ ಮಾಡ್ತಾಳ, ಆಕಿ ಜೋಡಿ ಮಾತಾಡೀನಿ. ಒಂದು ತಿಂಗಳು ನೋಡ್ರಿ. ಆಗಲಿಲ್ಲ ಅಂದ್ರ ನಾನ ಬಂದು ಸ್ಟೋರಿನ ಕೀಲಿ ಇಸ್ಕೋತೀನಿ."

ಅವರು ಪೆನ್ನು ತಿರುಗಿಸುತ್ತಿದ್ದರು. ಇನ್ನೂ ಒಪ್ಪಿರಲಿಲ್ಲ. ಅಲ್ಲಿ ನಾನು ನಿಲ್ಲಿಸಿದ್ದರೆ ಸಾಕಿತ್ತು. ಗಿರಾಕಿ ಯೋಚಿಸುತ್ತಿರುವಾಗ ಮಾರುವವಳು ಬಾಯಿ ಮುಚ್ಚಿಕೊಂಡಿರಬೇಕು, ಇದು ಶೇಂಗಾ ಮಾರುವಾಗಲೇ ನನಗೆ ಗೊತ್ತಿತ್ತು. ಆದರೂ ಅವರ ಕೊರತೆಯ ಮೇಲೆ ಕೈಯಿಟ್ಟೆ.

"ನರ ಸಿಗದ ಕೂಸು ಬಂದ್ರ ಈಗ ಏನ್ ಮಾಡ್ತೀರಿ ಸರ್? ಬಳ್ಳಾರಿಗೆ ಕಳಸ್ತೀರಿ. ನಾನಿದ್ರ ಕಳಸೋದು ಬ್ಯಾಡ."

ಪೆನ್ನು ನಿಂತಿತು. "ಕೈ ಹೆಂಗದಾವು?"

"ಎಡಗೈಲಿ ಭಾರ ಎತ್ತಂಗಿಲ್ಲ, ಅದಕ್ಕ ಬಿಪಿ ಪಟ್ಟಿ ಕಟ್ಟಂಗಿಲ್ಲ. ಬಲಗೈ ಮೊದಲಿನಂಗ ಐತ್ರಿ."

ಅಂಗಡಿಯಲ್ಲಿ ಇಲ್ಲದ ಸರಕನ್ನು ಮಾರಿ ವಾರ್ಡು ಕೊಂಡುಕೊಂಡು ಬಂದೆ. ನರ್ಸಾದವಳು ಬೇರೆ ಏನಾದರೂ ಸುಳ್ಳು ಹೇಳಬಹುದು, ಕೈಯ ಬಗ್ಗೆ ಹೇಳಬಾರದು. ಅದು ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಹೊಳೆದಿತ್ತು. ಇವತ್ತಲ್ಲ ನಾಳೆ ಬೆರಳು ಎಚ್ಚರವಾಗುತ್ತದೆ, ಅಲ್ಲಿಯವರೆಗೆ ಹೇಗಾದರೂ ದೂಡೋಣ ಎಂದುಕೊಂಡೆ.

ಮೊದಲ ದಿನ ವಾರ್ಡಿನ ಬಾಗಿಲು ದಾಟಿದೆ. ಇನ್‌ಚಾರ್ಜ್ ಸಿಸ್ಟರ್ ಟೇಬಲ್ಲಿನಿಂದ ಏಳಲಿಲ್ಲ. ನಿವೃತ್ತಿಗೆ ಹತ್ತಿರವಾದ, ಕಣ್ಣಿನಲ್ಲಿ ನೀರು ತೋರಿಸದ ಹೆಂಗಸು. "ಬಂದ್ಯಾ? ನಿನ್ ಚಾದ ಕಪ್ ಒಡದೈತಿ. ನಾ ಒಡದಿಲ್ಲ ಮತ್ತ," ಎಂದವರು ರಿಜಿಸ್ಟರಿನಲ್ಲಿ ಮುಖ ಹುದುಗಿಸಿಕೊಂಡರು. ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುವ ಕಿರಿಯ ನರ್ಸೊಬ್ಬಳು ನಾನು ರಜೆಯಲ್ಲಿದ್ದಾಗ ಸೇರಿದ್ದಳು. ಅವಳ ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಬಾಯಿ ಜೋರು. ನನ್ನ ತಲೆ ನೋಡಿ ಕೇಳಿದಳು:

"ಕಟಿಂಗ್ ಮಸ್ತ್ ಐತಿ ಅಕ್ಕಾ! ಯಾವ ಪಾರ್ಲರ್?"

ಅವಳಿಗೆ ನನ್ನ ರೋಗದ ಸುದ್ದಿ ಯಾರೂ ಹೇಳಿರಲಿಲ್ಲ.

"ಹುಬ್ಬಳ್ಳಿದು," ಎಂದೆ. "ಭಾಳ ತುಟ್ಟಿ. ನೀ ಮಾತ್ರ ಹೋಗಬ್ಯಾಡ."

ಇನ್‌ಚಾರ್ಜ್ ಸಿಸ್ಟರ್ ರಿಜಿಸ್ಟರಿನ ಹಿಂದೆ ಜೋರಾಗಿ ನಕ್ಕರು. ನಗುತ್ತಾ ಮೂಗು ಒರೆಸಿಕೊಂಡರು. ಎಂಟ್ಹತ್ತು ತಿಂಗಳಲ್ಲಿ ನಾನು ಅಷ್ಟು ಸುಖವಾಗಿ ಉಸಿರಾಡಿರಲಿಲ್ಲ.

ಮೂರು ವಾರ ದೂಡಿದೆ. ಹೇಗೆಂದರೆ, ನಮ್ಮಲ್ಲಿ ಕೆಲಸ ಅದಲು ಬದಲು ಮಾಡಿಕೊಳ್ಳುವ ರೂಢಿ ಇದೆ. ನೀನು ನನ್ನ ಎರಡು ಡ್ರಿಪ್ ಹಾಕು, ನಾನು ನಿನ್ನ ಎಲ್ಲ ಚಾರ್ಟು ಬರೆಯುತ್ತೇನೆ. ನೀನು ಆ ಕೂಸಿನ ರಕ್ತ ತೆಗೆ, ನಾನು ನಿನ್ನ ಮೂರು ತಾಯಂದಿರಿಗೆ ಓಆರ್‌ಎಸ್ ಪುಡಿಯನ್ನು ನೀರಿಗೆ ಕಲಸುವುದು ಕಲಿಸುತ್ತೇನೆ. ಎಲ್ಲರಿಗೂ ಬರೆಯುವ ಕೆಲಸ ಬೇಸರ, ಹಾಗಾಗಿ ನನ್ನ ವ್ಯಾಪಾರ ನಡೆಯಿತು. ತಪ್ಪಿಸಲಾಗದೆ ಎದುರಾದ ದೊಡ್ಡ ಮಕ್ಕಳಲ್ಲಿ ನರ ಕಣ್ಣಿಗೇ ಕಾಣುತ್ತಿತ್ತು, ಚುಚ್ಚಿದೆ, ಸಿಕ್ಕಿತು. ಆದರೂ ಪ್ರತಿ ಸಲ ಗ್ಲೌಸು ಹರಿಯುತ್ತಿದ್ದೆ. ಹಲ್ಲಿಗೆ ರಬ್ಬರು ತಾಗಿದ ಕೂಡಲೇ ಮೈಯೆಲ್ಲ ಕಾಯುತ್ತಿತ್ತು, ಈಗ ತಿಳಿಯುತ್ತದೆ, ಈಗ ತಿಳಿಯುತ್ತದೆ ಎಂದು. ಬೆರಳಿಡುತ್ತಿದ್ದೆ. ಕಂಬಳಿ ಸುತ್ತಿಕೊಂಡು ಮುಟ್ಟಿದಂತೆ.

ಕಂಪ್ಲಿಯ ಹುಡುಗಿ ಒಂದು ದಿನ ಚಹಾದ ಹೊತ್ತಿಗೆ ಪಕ್ಕದಲ್ಲಿ ನಿಂತಳು. "ಅಕ್ಕಾ, ನೀವು ಕಣ್ಣ್ ಮುಚ್ಚಿ ನರ ಹುಡುಕ್ತಿದ್ರಂತ. ಎಲ್ಲಾರೂ ಹೇಳ್ತಾರ. ನಾನು ನೋಡಿದಂಗ ನೀವು ಕಣ್ಣ್ ಅಗಲಿಸ್ಕೊಂಡ ಹುಡುಕ್ತೀರಿ."

"ವಯಸ್ಸಾತವ್ವ. ಕಣ್ಣ್ ಮುಚ್ಚಿದ್ರ ನಿದ್ದಿ ಬರ್ತೈತಿ."

ಅವಳು ನಗಲಿಲ್ಲ. ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಸರಿಸಿ ಹೋದಳು.

ನಾಲ್ಕನೆಯ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ದರೋಜಿ ಕಡೆಯ ಒಂದು ಹೆಣ್ಣು ಕೂಸು ಬಂತು. ಎಂಟು ತಿಂಗಳು. ಹಿಂದಿನ ದಿನದಿಂದ ವಾಂತಿ, ಭೇದಿ. ನೆತ್ತಿ ಕುಳಿಬಿದ್ದಿತ್ತು, ಅಳಲು ಬಾಯಿ ತೆರೆದರೂ ಕಣ್ಣೀರಿಲ್ಲ. ಜೊತೆಗೆ ತಾಯಿ, ಅಜ್ಜಿ. ಅಜ್ಜಿ ಬಾಗಿಲಿನಿಂದಲೇ ನನ್ನನ್ನು ಗುರುತು ಹಿಡಿದಳು.

"ಯವ್ವಾ, ನೀ ಅದೀ! ಬಸ್ಸಿನಾಗ ದೇವರಿಗೆ ಕೈ ಮುಗಕೋಂತ ಬಂದೆ, ಆಕಿ ಇರಲಪ್ಪ ಅಂತ. ಇದರ ಅಣ್ಣಗ ನೀನ ಹಾಕಿದ್ದಿ, ಒಂದ ಸಲಕ್ಕ." ಆಮೇಲೆ ಮಗಳ ಕಡೆ ತಿರುಗಿ, "ಅಳಬ್ಯಾಡ ಲೇ. ಕೈ ಚೊಲೊ ಐತಿ ಈಕಿದು."

ಡಾಕ್ಟರು ಪಕ್ಕದ ಕೋಣೆಯಲ್ಲಿ ಫಿಟ್ಸ್ ಬಂದ ಇನ್ನೊಂದು ಮಗುವಿನ ಹತ್ತಿರ ಇದ್ದರು. "ಸಿಸ್ಟರ್ ಅದಾರಲ್ಲ, ಲೈನ್ ಹಾಕಿ ಡ್ರಿಪ್ ಶುರು ಮಾಡ್ಲಿ," ಎಂದು ಅಲ್ಲಿಂದಲೇ ಕೂಗಿದರು. ಎಲ್ಲರೂ ನನಗೆ ದಾರಿ ಬಿಟ್ಟರು. ಇಂಥ ಕೂಸಿಗಾಗಿಯೇ ನನ್ನನ್ನು ವಾರ್ಡಿನಲ್ಲಿ ಇಟ್ಟುಕೊಂಡಿದ್ದದ್ದು. ಅದಲು ಬದಲಿಗೆ ಯಾರನ್ನು ಕೇಳಲಿ?

ಗ್ಲೌಸು ಹರಿದೆ. ಕೂಸಿನ ಬಲಗೈ ಹಿಡಿದೆ. ಒತ್ತಿದೆ, ಬಿಟ್ಟೆ. ಏನೂ ಇಲ್ಲ. ಹಳೆಯ ಅಂದಾಜಿನ ಮೇಲೆ ಚುಚ್ಚಿದೆ. ರಕ್ತ ಬರಲಿಲ್ಲ. ಸೂಜಿಯನ್ನು ಒಂದಿಷ್ಟು ಹಿಂದೆ ಎಳೆದು ಓರೆ ಮಾಡಿದೆ. ಬರಲಿಲ್ಲ. ತೆಗೆದೆ. ಕೂಸು ಕಿರುಚಲೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯಂತೆ ಕುಂಯ್ ಎಂದಿತು.

ಎಡಗೈ. ಬಿಸಿನೀರಿನ ಬಟ್ಟೆ ಸುತ್ತಿಸಿದೆ, ಟಾರ್ಚು ಹಿಡಿಸಿದೆ. ಸಣ್ಣದೊಂದು ನೀಲಿ ಗೆರೆ ಕಂಡಂತಾಯಿತು. ಚುಚ್ಚಿದೆ. ಒಂದು ಹನಿ ರಕ್ತ ಬಂತು, ಒಳಗೆ ದೂಡುವಾಗ ನಾಳದ ಆಚೆ ಗೋಡೆಯನ್ನೂ ತೂತು ಮಾಡಿದೆನೆಂದು ಕಾಣುತ್ತದೆ, ನೋಡನೋಡುತ್ತಲೇ ಆ ಕಾಸಿನಗಲದ ಕೈ ಊದಿ ನೇರಳೆಯಾಯಿತು. ಮೊದಲಾಗಿದ್ದರೆ ಆಚೆ ಗೋಡೆ ತಾಗುವ ಮುನ್ನವೇ ನನ್ನ ಬೆರಳು ನಿಲ್ಲುತ್ತಿತ್ತು.

ಅಜ್ಜಿ ಇನ್ನೂ ನಂಬಿಕೊಂಡೇ ನಿಂತಿದ್ದಳು. "ಸಿಗತೈತಿ ತಗೋ, ಸಿಗತೈತಿ. ಇನ್ನೊಂದ್ ಸಲ ಹಾಕವ್ವ."

ನಾನು ಮೂರನೆಯ ಸೂಜಿಗೆ ಕೈ ಚಾಚಿದೆ. ಅದರ ಕಾಗದ ಹರಿದದ್ದೂ ನೆನಪಿದೆ. ಆಗ ಕಂಪ್ಲಿಯ ಹುಡುಗಿ ನನ್ನ ಮಣಿಕಟ್ಟು ಹಿಡಿದಳು. ಮೆಲ್ಲಗೆ ಅಂದಳು, "ಅಕ್ಕಾ. ಎರಡಾದ್ವು."

"ಬಿಡು, ನಾ ಹಾಕ್ತೀನಿ."

"ಎರಡಾದ್ವು ಅಕ್ಕಾ. ನೀವ ಬರದೀರಿ."

ಇನ್‌ಚಾರ್ಜ್ ಸಿಸ್ಟರ್ ನೋಡುತ್ತಿದ್ದರು. ತಾಯಿ ನೋಡುತ್ತಿದ್ದಳು. ಒಂದು ಮಾತು ಹೇಳಿದರೆ ವಾರ್ಡು ಹೋಗುತ್ತದೆ. ಹೇಳದಿದ್ದರೆ ಈ ಕೂಸಿನ ಇನ್ನೊಂದು ನರ ಹೋಗುತ್ತದೆ, ಬಹುಶಃ ಅದಕ್ಕಿಂತ ಹೆಚ್ಚಿನದೂ.

"ನನ್ನ ಬೆರಳಿಗೆ ಏನೂ ತಿಳಿಯಂಗಿಲ್ಲ," ಎಂದೆ. ದನಿ ಜೋರಾಗಿಯೇ ಬಂತು. "ಕಿಮೊದಾಗ ಹೋಗೈತಿ. ಬಂದಾಗಿಂದ ತಿಳಿಯಂಗಿಲ್ಲ. ನೀ ಹಾಕು. ಕಾಲಿಂದು ನೋಡು, ಹರಡಿನ ಒಳಗಿನ ಗೆಣ್ಣಿನ ಮುಂದ."

ಅವಳು ಕಾಲು ಹಿಡಿದಳು. ಹತ್ತು ಎಣಿಸುವಷ್ಟು ಹೊತ್ತು ಬೆರಳು ಆಡಿಸಿದಳು. ನಾನು ಅವಳ ಬೆರಳನ್ನು ನೋಡಲಿಲ್ಲ, ಮುಖ ನೋಡಿದೆ. ಒಂದು ಕ್ಷಣ ಅವಳ ಹುಬ್ಬು ಬಿಚ್ಚಿಕೊಂಡಿತು. ಆ ಪುಟಿತ ಅವಳಿಗೆ ಸಿಕ್ಕಿತೆಂದು ನನಗೆ ಗೊತ್ತಾಯಿತು. ಒಂದೇ ಸಲಕ್ಕೆ ಸೂಜಿಯ ಹಿಂದೆ ರಕ್ತ ಕಂಡಿತು, ಟೇಪು ಬಿತ್ತು, ಹನಿಗಳು ಓಡಿದವು. ನಾನು ಚುಚ್ಚಿದ್ದ ಕೂಸಿನ ಎರಡೂ ಕೈಗಳನ್ನು ಹತ್ತಿಯಿಂದ ಒತ್ತಿ ಹಿಡಿದುಕೊಂಡು ಕುಳಿತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೂಸು ಉಚ್ಚೆ ಹೊಯ್ದಿತು, ಅಂದರೆ ಮೈಗೆ ನೀರು ಹತ್ತಿತು. ನಮ್ಮ ವಾರ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅಜ್ಜಿ ಹುಡುಗಿಯ ಗಲ್ಲ ಹಿಡಿದು ಲಟಿಗೆ ಮುರಿದಳು. ಆಮೇಲೆ ನನ್ನ ಹತ್ತಿರ ಬಂದು, "ನಿನಗೂ ಆರಾಮಿದ್ದಿಲ್ಲನವ್ವ?" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಕರೆಯುವವರೆಗೂ ಕಾಯದೆ ನಾನೇ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರಿಗೆ ಆಗಲೇ ಗೊತ್ತಾಗಿತ್ತು.

"ಬಲಗೈ ಮೊದಲಿನಂಗ ಐತಿ ಅಂದ್ರಿ."

"ಸುಳ್ಳು ಹೇಳಿದೆ ಸರ್."

"ಯಾಕ?"

"ವಾರ್ಡ್ ಸಿಗಲಿ ಅಂತ."

ಅವರು ಪೆನ್ನು ಕೆಳಗಿಟ್ಟರು. ಆ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಅವರೇ ಕೇಳಿದರು, "ಈಗ ಹೇಳ್ರಿ. ಏನು ಬರ್ತೈತಿ, ಏನು ಬರಂಗಿಲ್ಲ?" ಇದೇ ಪ್ರಶ್ನೆಗೆ ಮೊದಲ ದಿನವೇ ನಾನು ಉತ್ತರ ಇಟ್ಟುಕೊಂಡು ಬರಬೇಕಿತ್ತು. ಹೇಳಿದೆ. ಸೂಜಿ ಬರುವುದಿಲ್ಲ, ಔಷಧಿಯ ಸಣ್ಣ ಗಾಜಿನ ಆಂಪ್ಯೂಲು ಒಡೆಯಲು ಬರುವುದಿಲ್ಲ, ನಾಡಿ ಎಣಿಸಲು ಬೆರಳು ಸಾಲದು, ಸ್ಟೆತಸ್ಕೋಪು ಬೇಕು. ಕೂಸು ನೋಡಿದರೆ ಎಷ್ಟು ಒಣಗಿದೆ ಎಂದು ತಿಳಿಯುತ್ತದೆ, ತಾಯಿಗೆ ಹಾಲು ಕುಡಿಸಲು, ಓಆರ್‌ಎಸ್ ಚಮಚದಲ್ಲಿ ಹಾಕಲು ಕಲಿಸಲು ಬರುತ್ತದೆ, ಓಡುವ ಡ್ರಿಪ್ ಕಾಯಲು ಬರುತ್ತದೆ. ಅವರು ಬೈಯದೆ ಕೇಳಿದರು. ಕೊನೆಗೆ, ಮೂರು ತಿಂಗಳು ಸ್ಟೋರು, ಆಮೇಲೆ ನೋಡೋಣ ಎಂದರು. ಚೌಕಾಸಿ ಮಾಡಲಿಲ್ಲ. ಕೀಲಿ ಇಸಿದುಕೊಂಡು ಬಂದೆ.

ಮೂರು ತಿಂಗಳು ನಾಲ್ಕಾಯಿತು. ಈಗ ವಾರದಲ್ಲಿ ಮೂರು ದಿನ ಸ್ಟೋರು, ಮೂರು ದಿನ ವಾರ್ಡಿನ ಬಾಗಿಲ ಪಕ್ಕದ ಓಆರ್‌ಎಸ್ ಟೇಬಲ್ಲು. ಬಾಯಿಂದ ಕುಡಿಯಬಲ್ಲ ಕೂಸುಗಳನ್ನು ಅಲ್ಲೇ ಕೂರಿಸಿ ಚಮಚ ಚಮಚವಾಗಿ ಕುಡಿಸುತ್ತೇವೆ, ಎಷ್ಟೋ ಕೂಸುಗಳಿಗೆ ಸೂಜಿಯ ಅಗತ್ಯವೇ ಬೀಳುವುದಿಲ್ಲ. ಒಳ್ಳೆಯ ಕೆಲಸ. ಒಳಗಿನಿಂದ ಯಾರೋ "ಸಿಕ್ತು!" ಎಂದಾಗ ಮಾತ್ರ ನನ್ನ ಚಮಚ ಒಂದು ಕ್ಷಣ ನಿಲ್ಲುತ್ತದೆ. ಬಸ್ಸಿನಲ್ಲಿ ಪಕ್ಕದವರ ಮಡಿಲಲ್ಲಿ ಮಲಗಿದ ಮಗುವಿನ ಕೈ ನನ್ನ ಕಡೆ ಜಾರಿದರೆ, ಕೇಳದೆಯೇ ನನ್ನ ಬೆರಳು ಅದರ ಮಣಿಕಟ್ಟಿಗೆ ಹೋಗುತ್ತದೆ. ಒತ್ತುತ್ತೇನೆ, ಬಿಡುತ್ತೇನೆ. ಅಲ್ಲಿ ಅದು ಇದೆ ಎಂದು ಗೊತ್ತು. ಕೆಲವು ದಿನ ಏನೋ ತಿಳಿದಂತಾಗುತ್ತದೆ. ಅದು ನೆನಪೋ ನಿಜವೋ ಹೇಳಲಾರೆ, ಹೇಳಲಾಗದ್ದನ್ನು ಇನ್ನು ಮಾರುವುದೂ ಇಲ್ಲ. ಗಂಡ ಕೇಳುತ್ತಾನೆ, "ಇವತ್ತು ಏನಾರ ತಿಳೀತೇನು?" "ಇವತ್ತಿಲ್ಲ," ಎನ್ನುತ್ತೇನೆ. ನಾಳೆ ಎಂಬ ಮಾತನ್ನು ಅವನೂ ಆಡುವುದಿಲ್ಲ, ನಾನೂ ಆಡುವುದಿಲ್ಲ.

ಈಗ ನಿಮಗೆ ಹೇಳುವುದು. ನನ್ನಂತೆ ಚಿಕಿತ್ಸೆ ಮುಗಿಸಿ ಡ್ಯೂಟಿಗೆ ಹೊರಟಿರುವ ನರ್ಸ್ ತಂಗಿಯರೇ, ಹದಿನೈದು ದಿನ ಮೊದಲೇ ಮನೆಯಲ್ಲಿ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಕಣ್ಣು ಕಟ್ಟಿಕೊಂಡು ಕಡಲೆ, ಹೆಸರುಕಾಳು, ಸಾಸಿವೆ ಬೆರೆಸಿ ಬೇರ್ಪಡಿಸಿ. ಸಣ್ಣ ಸಿರಿಂಜಿನಲ್ಲಿ ನೀರೆಳೆದು ಗೆರೆಗೆ ಸರಿಯಾಗಿ ನಿಲ್ಲಿಸಿ ನೋಡಿ. ಎರಡು ಗಂಟೆ ಕೂರದೆ ನಿಂತು ನೋಡಿ. ಬಂದದ್ದನ್ನೂ ಬಾರದ್ದನ್ನೂ ಒಂದು ಚೀಟಿಯಲ್ಲಿ ಬರೆಯಿರಿ, ಬಾರದ್ದನ್ನು ಮೇಲೆ ಬರೆಯಿರಿ. ನಿಮ್ಮ ಡಾಕ್ಟರಿಗೂ ಅದನ್ನು ತೋರಿಸಿ, ಅವರ ಸಹಿ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲಿನವರ ಹತ್ತಿರ ಏನನ್ನಾದರೂ ಕೇಳುವ ಮೊದಲು ಆ ಚೀಟಿ ಮುಂದಿಡಿ. ಪೂರ್ತಿ ಹಳೆಯ ಕೆಲಸ ಕೇಳಬೇಡಿ, ಅದರೊಳಗಿಂದ ನಿಮಗೆ ಬಿಡಲಾಗದ ಒಂದು ತುಂಡನ್ನು ಕೇಳಿ. ಕಂಕುಳಿನ ಗಂಟು ತೆಗೆದ ಕಡೆಯ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡವೆಂದು ನಿಮ್ಮ ಡಾಕ್ಟರು ಹೇಳಿದ್ದರೆ, ನಾಚಿಕೆ ಬಿಟ್ಟು ಎಲ್ಲರಿಗೂ ಹೇಳಿ. ಮೊದಲ ತಿಂಗಳು ಮಧ್ಯಾಹ್ನ ಮನೆಗೆ ಹೋದ ಕೂಡಲೇ ಮಲಗಿ, ಪಾತ್ರೆ ಸಾಯಂಕಾಲದವರೆಗೆ ಕಾಯುತ್ತವೆ. ತೋಳು ಊದಿದರೆ, ಕೆಂಪಾದರೆ ನಾಳೆ ನೋಡೋಣ ಎನ್ನದೆ ಅವತ್ತೇ ತೋರಿಸಿ.

ನಿಮ್ಮ ವಾರ್ಡಿಗೆ ಇಂಥವಳೊಬ್ಬಳು ವಾಪಸು ಬಂದಿದ್ದರೆ, ಹೇಗಿದ್ದೀಯ ಎಂದು ಕೇಳಬೇಡಿ. ಅದಕ್ಕೆ ಆರಾಮ ಎಂಬ ಉತ್ತರ ಅವಳ ಬಾಯಲ್ಲೇ ಇರುತ್ತದೆ. ಈ ಪಾಳಿಯಲ್ಲಿ ನಿನ್ನ ಯಾವ ಕೆಲಸವನ್ನು ನಾನು ಮಾಡಲಿ ಎಂದು ಕೇಳಿ, ಅವಳು ಉತ್ತರ ಹೇಳುವವರೆಗೆ ಅಲ್ಲೇ ನಿಲ್ಲಿ.